ಕೆಳದೇಶದ ಕುರ್ಚಿ

ಫೆಬ್ರವರಿ ೧೨

ಅಂತರರಾಷ್ಟ್ರೀಯ ವ್ಯವಹಾರಗಳ ವಿಭಾಗದಲ್ಲಿ ಈ ಸಂಜೆ ನೆರೆದಿರುವ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ವಂದನೆಗಳು.

ಮೂರು ದಿನದ ಜ್ವರದಲ್ಲಿ ತೀರಿಕೊಂಡ ನನ್ನ ಮಗನಿಗಾಗಿ ನೀವು ನಿಮ್ಮ ಸಂಜೆಯನ್ನು ಬಿಟ್ಟುಕೊಟ್ಟಿದ್ದೀರಿ. ಓದುವ ಮಕ್ಕಳ ಒಂದು ಸಂಜೆಯೆಂದರೆ ಸಣ್ಣ ಕೊಡುಗೆಯಲ್ಲ. ನಾನೂ ನನ್ನ ಹೆಂಡತಿಯೂ ಅದಕ್ಕೆ ಕೃತಜ್ಞರು. ಈ ಪತ್ರವನ್ನು ಓದಿ ಹೇಳಲು ಒಪ್ಪಿದ ವಿಭಾಗದ ಮುಖ್ಯಸ್ಥರಿಗೂ ಋಣಿ.

ಧನ್ಯವಾದ ಅಲ್ಲಿಗೆ ಮುಗಿಯಿತು. ನಿಮ್ಮ ಸಂತಾಪವನ್ನು ನಾನು ಸ್ವೀಕರಿಸಲಾರೆ. ಕಾರಣ ಹೇಳದೆ ನಿರಾಕರಿಸುವುದು ಒರಟುತನವಾದೀತು, ಆದ್ದರಿಂದ ಹೇಳುತ್ತೇನೆ. ಕಾಲೇಜಿನ ದಿನಗಳಲ್ಲಿ ನಾನು ಚರ್ಚಾಸ್ಪರ್ಧೆಗಳ ಕಣದಲ್ಲಿ ನಿಂತವನು. ಎದುರಾಳಿ ಏನೇ ಹೇಳಲಿ, ಕೊನೆಯಲ್ಲಿ ಪ್ರತ್ಯುತ್ತರದ ಹಕ್ಕು ಇದ್ದೇ ಇರುತ್ತಿತ್ತು. ಸಂತಾಪಕ್ಕೆ ಮಾತ್ರ ಪ್ರತ್ಯುತ್ತರವಿಲ್ಲ. 'ಎಂಥಾ ಹುಡುಗ' ಎಂದು ಒಬ್ಬರು ಕಣ್ಣೊರೆಸಿಕೊಂಡರೆ, 'ಅಂಥ ಹುಡುಗನೇನಲ್ಲ, ರಜೆಗೆ ಬಂದಾಗಲೆಲ್ಲ ಒದ್ದೆ ಟವೆಲನ್ನು ಹಾಸಿಗೆಯ ಮೇಲೆಯೇ ಎಸೆಯುತ್ತಿದ್ದ' ಎಂದು ತಂದೆಯಾದವನಿಗೆ ಹೇಳಲಾಗುತ್ತದೆಯೇ? ಉತ್ತರ ಕೊಡಲಾಗದ ಮಾತನ್ನು ಕೈಕಟ್ಟಿ ಕೇಳಿಸಿಕೊಳ್ಳುವುದು ನನಗೆ ಅಭ್ಯಾಸವಿಲ್ಲ.

ಇನ್ನೊಂದು ವಿಷಯ. ಅವನಿಗೆ ಗೌರವಾರ್ಥವಾಗಿ ನಿಮ್ಮ ಉಪವಿಷಯದ ಪ್ರಮಾಣಪತ್ರ ಕೊಡುವ ಆಲೋಚನೆ ಇದೆಯೆಂದು ತಿಳಿಯಿತು. ಬೇಡ. ಅವನ ಮುಖ್ಯ ವಿಷಯ ಸಿವಿಲ್ ಎಂಜಿನಿಯರಿಂಗ್. ಉಪವಿಷಯಕ್ಕೆ ಆರು ಪತ್ರಿಕೆಗಳು, ಅವನು ಮುಗಿಸಿದ್ದು ಐದು. ನಾನು ಅಳತೆ-ತೂಕದ ಇಲಾಖೆಯ ಪರಿಶೀಲಕ. ಒಂಬೈನೂರು ಗ್ರಾಮಿನ ಕಲ್ಲಿಗೆ ಕಿಲೋ ಮುದ್ರೆ ಒತ್ತಲು ನನ್ನ ಕೈ ಬರುವುದಿಲ್ಲ. ಅಂಗಡಿಯವನು ಎದುರಿಗೆ ನಿಂತು ಅತ್ತರೂ ಬರುವುದಿಲ್ಲ.

ಇತಿ,
ಒಬ್ಬ ವಿದ್ಯಾರ್ಥಿಯ ತಂದೆ


ಫೆಬ್ರವರಿ ೨೮

ಮಾನ್ಯರೇ,

ನಿಮ್ಮ ಪತ್ರ ಓದಿದ ದಿನ ನಾನು ಮೂರನೇ ಸಾಲಿನಲ್ಲಿದ್ದೆ. ಒದ್ದೆ ಟವೆಲಿನ ಮಾತು ಬಂದಾಗ ನನಗೆ ನಗು ಬಂದುಬಿಟ್ಟಿತು. ಎಲ್ಲರೂ ತಿರುಗಿ ನೋಡಿದರು. ಏನು ಮಾಡಲಿ, ಅವನು ತನ್ನ ಒದ್ದೆ ರೈನ್‌ಕೋಟನ್ನು ಯಾವಾಗಲೂ ನನ್ನ ಕುರ್ಚಿಗೇ ನೇತುಹಾಕುತ್ತಿದ್ದ.

ಇದು ಸಂತಾಪದ ಪತ್ರವಲ್ಲ, ಅರ್ಜಿ. ನನ್ನ ಮುಖ್ಯ ವಿಷಯ ಸಂಖ್ಯಾಶಾಸ್ತ್ರ. ಉಪವಿಷಯ ನಿಮ್ಮ ಮಗನದೇ. ಅದರ ಆರನೆಯ ಪತ್ರಿಕೆಗೆ ಪರೀಕ್ಷೆಯಿಲ್ಲ. ಇಬ್ಬಿಬ್ಬರನ್ನು ಜೋಡಿ ಮಾಡಿ, ಭೂಪಟದಲ್ಲಿ ಇಲ್ಲದ ಎರಡು ದೇಶಗಳನ್ನು ನಮ್ಮ ಕೈಗೆ ಕೊಡುತ್ತಾರೆ. ನಮ್ಮ ಪಾಲಿಗೆ ಬಂದದ್ದು ಒಂದೇ ನದಿಯ ಎರಡು ದೇಶಗಳು. ಬೆಟ್ಟದಲ್ಲಿ ಅಣೆಕಟ್ಟು ಇಟ್ಟುಕೊಂಡಿರುವ ಮೇಲ್ದೇಶಕ್ಕೆ ನಾನು ಪ್ರತಿನಿಧಿ, ಬಯಲಿನಲ್ಲಿ ಹೊಲಗಳನ್ನು ಇಟ್ಟುಕೊಂಡಿರುವ ಕೆಳದೇಶಕ್ಕೆ ಅವನು. ಪತ್ರಗಳಲ್ಲೇ ಮಾತುಕತೆ ನಡೆಸಿ ಏಳು ಕಲಮುಗಳ ಒಪ್ಪಂದ ಬರೆಯಬೇಕು. ಕ್ಯಾಂಟೀನಿನಲ್ಲಿ ಎದುರುಬದುರು ಕೂತಿದ್ದರೂ ನದಿಯ ಮಾತು ಎತ್ತುವಂತಿಲ್ಲ. "ಬಾಯಲ್ಲಿ ಆಡಿದ್ದನ್ನ ನಾಳೆ ಆಡೇ ಇಲ್ಲ ಅನ್ನಬಹುದು, ಬರೆದದ್ದನ್ನ ಅನ್ನಕ್ಕಾಗಲ್ಲ" ಅನ್ನುತ್ತಾರೆ ನಮ್ಮ ಮೇಡಂ. ಅದಕ್ಕೇ ನಾವಿಬ್ಬರೂ ಕ್ಯಾಂಟೀನಿನಲ್ಲಿ ಬರೀ ಸಿನಿಮಾ ಮಾತಾಡುತ್ತಿದ್ದೆವು.

ಮೂರು ಕಲಮುಗಳಿಗೆ ಇಬ್ಬರ ಸಹಿಯೂ ಬಿದ್ದಿದೆ, ಅವುಗಳ ಪ್ರತಿ ಇದರೊಂದಿಗಿದೆ. ನಾಲ್ಕನೆಯದು ಬೇಸಿಗೆಯ ನೀರಿನದು, ಅಲ್ಲಿಗೆ ನಿಂತಿದೆ. ಅವನ ಕೊನೆಯ ಪತ್ರದಲ್ಲಿ ಒಂದು ಪ್ರಶ್ನೆಯಿತ್ತು: 'ಚಳಿಗಾಲದಲ್ಲಿ ನಿಮ್ಮ ಬೆಟ್ಟದ ಮಂದಿ ಮನೆಯನ್ನು ಬೆಚ್ಚಗೆ ಇಟ್ಟುಕೊಳ್ಳುವುದು ಹೇಗೆ?' ನಾನು ಉತ್ತರ ಬರೆದಿಟ್ಟಿದ್ದೆ. ಕಳಿಸಲು ಆಮೇಲೆ ವಿಳಾಸವಿರಲಿಲ್ಲ.

ಈ ಉಪವಿಷಯ ಮುಗಿದರೆ ಮಾತ್ರ ಮುಂದಿನ ವರ್ಷದ ನನ್ನ ಸ್ನಾತಕೋತ್ತರ ಸೀಟು ಉಳಿಯುತ್ತದೆ. "ಪರಿಸ್ಥಿತಿ ನೋಡಿ ಪಾಸು ಮಾಡ್ತೀವಮ್ಮಾ, ಚಿಂತೆ ಬಿಡು" ಅಂದರು ಮೇಡಂ. ನಿಮ್ಮ ಒಂಬೈನೂರು ಗ್ರಾಮಿನ ಕಲ್ಲಿನ ಮಾತು ಕೇಳಿಸಿಕೊಂಡ ಮೇಲೆ ನನಗೆ ಹೂಂ ಅನ್ನಲಾಗಲಿಲ್ಲ. ಹಾಗಾಗಿ ಅರ್ಧ ತಪ್ಪು ನಿಮ್ಮದೇ. ಉಳಿದ ದಾರಿ ಒಂದೇ: ಕೆಳದೇಶದ ಕುರ್ಚಿಯಲ್ಲಿ ಬೇರೊಬ್ಬರು ಕೂರಬೇಕು. ತರಗತಿಯಲ್ಲಿ ಎಲ್ಲರಿಗೂ ಜೋಡಿಯಿದೆ. ಹೊರಗಿನವರಾದರೂ ಸರಿಯೆಂದು ಮೇಡಂ ಒಪ್ಪಿದ್ದಾರೆ.

"ನಮ್ಮಪ್ಪನ ಹತ್ರ ವಾದ ಮಾಡಿ ಗೆದ್ದೋರಿಲ್ಲ, ಸೋತೋರು ಇನ್ನೊಂದ್ಸಲ ಬರಲ್ಲ" ಅನ್ನುತ್ತಿದ್ದ ಪೆನ್ಸಿಲ್. ಕಿವಿಯ ಮೇಲೆ ಒಂದು ಸಿಕ್ಕಿಸಿಕೊಂಡು ಅದನ್ನೇ ಎಲ್ಲ ಕಡೆ ಹುಡುಕುತ್ತಿದ್ದನಾದ್ದರಿಂದ ನಮಗೆಲ್ಲ ಅವನು ಪೆನ್ಸಿಲ್. ನೀವು ಕೂರುತ್ತೀರಾ?

ವಿಧೇಯಳು,
ಮೇಲ್ದೇಶದ ಪ್ರತಿನಿಧಿ


ಮಾರ್ಚ್ ೬

ಮೇಲ್ದೇಶದ ಪ್ರತಿನಿಧಿಯವರಿಗೆ,

ನಿಮ್ಮ ಅರ್ಜಿಯನ್ನು ತಿರಸ್ಕರಿಸಿ ಒಂದು ಪತ್ರ ಬರೆದು ಮೇಜಿನ ಮೇಲೆ ಇಟ್ಟಿದ್ದೆ. ನನ್ನ ಹೆಂಡತಿ ನಿಮ್ಮದನ್ನೂ ನನ್ನದನ್ನೂ ಓದಿದಳು.

"ರೀ, ಆ ಹುಡುಗಿ ನಿಮ್ಮ ಕಣ್ಣೀರು ಕೇಳ್ತಿಲ್ಲ, ಜಗಳ ಕೇಳ್ತಿದಾಳೆ. ಅದು ನಿಮ್ಮ ಹತ್ರ ಧಾರಾಳವಾಗಿದೆ. ಕೊಟ್ಟುಬಿಡಿ" ಎಂದಳು.

ಆದ್ದರಿಂದ ಒಪ್ಪಿದ್ದೇನೆ, ಕೆಲವು ಷರತ್ತುಗಳೊಂದಿಗೆ. ಕೆಳದೇಶದ ಹಿತವನ್ನು ನನ್ನ ಪೂರ್ಣ ಶಕ್ತಿಯಿಂದ ಕಾಯುತ್ತೇನೆ. ನೀವು ವಿದ್ಯಾರ್ಥಿನಿಯೆಂದು ನಾನು ಸಡಿಲ ಬಿಡುವುದಿಲ್ಲ, ನಾನು ಮಗನನ್ನು ಕಳೆದುಕೊಂಡವನೆಂದು ನೀವೂ ಬಿಡಕೂಡದು. ಮಾತುಕತೆಯಲ್ಲಿ ಅವನ ಪ್ರಸ್ತಾಪ ಬರಕೂಡದು. ಅವನಿಗೆ ಅಂಥದೊಂದು ಅಡ್ಡಹೆಸರಿತ್ತೆಂಬುದು ನಮಗೆ ತಿಳಿದಿರಲಿಲ್ಲ. ಅವನ ತಾಯಿ ಅದನ್ನು ಎರಡು ಸಲ ಬಾಯಿಬಿಟ್ಟು ಹೇಳಿಕೊಂಡಳು. ಆ ಪ್ರಸ್ತಾಪ ಇಲ್ಲಿಗೆ ಸಾಕು.

ಅವನ ಕೊನೆಯ ಪ್ರಶ್ನೆಗೆ ನೀವು ಬರೆದಿಟ್ಟಿರುವ ಉತ್ತರ ನನಗೆ ಬೇಕಾಗಿಲ್ಲ. ಎದುರಾಳಿಯ ಮನೆಯ ಚಳಿ ನಮ್ಮ ವಾದಕ್ಕೆ ಸಂಬಂಧಿಸಿದ್ದಲ್ಲ. ಅದನ್ನು ನೀವೇ ಇಟ್ಟುಕೊಳ್ಳಿ.

ನಾಲ್ಕನೆಯ ಕಲಮಿಗೆ ಕೆಳದೇಶದ ಬೇಡಿಕೆ: ಬೇಸಿಗೆಯ ತಿಂಗಳುಗಳಲ್ಲಿ ಜಲಾಶಯದ ನೀರಿನ ಮುಕ್ಕಾಲು ಪಾಲನ್ನು ಕೆಳಗೆ ಬಿಡತಕ್ಕದ್ದು. ಆಧಾರಗಳು ಹೀಗಿವೆ. ನದಿಯ ದಡದಲ್ಲಿ ಬದುಕುವ ಜನರಲ್ಲಿ ಹೆಚ್ಚಿನವರು ನಮ್ಮವರು. ನದಿ ಹರಿಯುವುದೇ ಕೆಳಕ್ಕೆ, ತಡೆದು ನಿಲ್ಲಿಸಿದವರು ನೀವು. ಮತ್ತು ನಿಮ್ಮ ಬೆಟ್ಟದಲ್ಲಿ ಬೇಸಿಗೆಯ ಬೆಳೆಯೇ ಇಲ್ಲವೆಂದು ನೀವೇ ಎರಡನೆಯ ಕಲಮಿನಲ್ಲಿ ಬರೆದುಕೊಟ್ಟಿದ್ದೀರಿ. ಬರೆದದ್ದನ್ನು ಇಲ್ಲವೆನ್ನಲಾಗದೆಂಬುದು ನಿಮ್ಮ ವಿಭಾಗದ್ದೇ ಮಾತು.

ಇತಿ,
ಕೆಳದೇಶದ ಪ್ರತಿನಿಧಿ


ಮಾರ್ಚ್ ೧೯

ಕೆಳದೇಶದ ಪ್ರತಿನಿಧಿಯವರಿಗೆ,

ನಾಲ್ಕನೆಯ ಕಲಮನ್ನು ನೀವು ಬರೆದಂತೆಯೇ ಮೇಲ್ದೇಶ ಒಪ್ಪಿದೆ. ಸಹಿ ಮಾಡಿ ಕಳಿಸಿದ್ದೇನೆ.

ಐದನೆಯದು ಅಣೆಕಟ್ಟಿನ ಬಾಗಿಲುಗಳ ಬೀಗದ ಕೈ ಯಾರ ಬಳಿ ಇರಬೇಕೆಂಬುದು. ಅದು ಎರಡೂ ಕಡೆಯವರ ಬಳಿ ಇರಲೆಂದು ನಮ್ಮ ಸಲಹೆ. ತಮ್ಮ ಅಭಿಪ್ರಾಯಕ್ಕೆ ಕಾಯುತ್ತೇನೆ.

ಇಲ್ಲಿ ಗ್ರಂಥಾಲಯದ ಕಿಟಕಿಗಳಿಗೆ ಬಣ್ಣ ಹೊಡೆಯುತ್ತಿದ್ದಾರೆ. ವಾಸನೆಗೆ ಎಲ್ಲರೂ ಮೆಟ್ಟಿಲ ಮೇಲೆ ಕೂತು ಓದುತ್ತಿದ್ದೇವೆ. ಅಮ್ಮ ಚೆನ್ನಾಗಿದ್ದಾರೆಂದು ನಂಬಿದ್ದೇನೆ.

ವಿಧೇಯಳು,
ಮೇಲ್ದೇಶದ ಪ್ರತಿನಿಧಿ


ಏಪ್ರಿಲ್ ೪

ಮೇಲ್ದೇಶದ ಪ್ರತಿನಿಧಿಯವರಿಗೆ,

ಬೀಗದ ಕೈ ಎರಡು ಕಡೆ ಇರುವುದೆಂದರೆ ಎಲ್ಲಿಯೂ ಇಲ್ಲದಿರುವುದೆಂದೇ ಅರ್ಥ. ಅದು ಕೆಳದೇಶದ ಬಳಿಯೇ ಇರತಕ್ಕದ್ದೆಂದು ಕಳೆದ ವಾರ ಕಲಮಿನ ಹಾಳೆಯಲ್ಲಿ ಬರೆದು ಕಳಿಸಿದ್ದೆ. ಈ ಒಂದು ವಾಕ್ಯಕ್ಕೆ ನೀವು ಮರುವಾದ ಹೂಡುವಿರೆಂದು ಎಣಿಸಿ ನಾನು ಮೂರು ಪುಟ ಸಿದ್ಧಪಡಿಸಿದ್ದೆ. ನಿನ್ನೆಯ ಅಂಚೆಯಲ್ಲಿ ನಿಮ್ಮ ಸಮ್ಮತಿ ಬಂದು ಆ ಮೂರು ಪುಟ ವ್ಯರ್ಥವಾಯಿತು. ಆರನೆಯ ಕಲಮು ಪ್ರವಾಹದ ಹಾನಿಯದು. ಅದನ್ನು ಮೇಲ್ದೇಶವೇ ಭರಿಸತಕ್ಕದ್ದೆಂದು ಇದರೊಂದಿಗೆ ಬರೆದು ಕಳಿಸಿದ್ದೇನೆ. ಏಳನೆಯದರ ಕರಡೂ ಇದೆ.

ನಿಮಗೆ ಒಂದು ಮಾತು ಹೇಳುವುದು ಹಿರಿಯನಾದವನ ಕರ್ತವ್ಯ. ಎದುರಾಳಿಯ ಮಾತಿನಲ್ಲಿ ಸಡಿಲವಾದ ಒಂದು ಎಳೆ ಇದ್ದೇ ಇರುತ್ತದೆ, ಅದನ್ನು ಹಿಡಿದೆಳೆಯಬೇಕು. ನನ್ನ ವಾದದಲ್ಲಿಯೂ ಇತ್ತು. ನೀವು ಎಳೆಯಲಿಲ್ಲ. ನನ್ನ ಕಚೇರಿಗೆ ತಕ್ಕಡಿ ತರುವ ವ್ಯಾಪಾರಿಗಳು ಕೂಡ ನಿಮಗಿಂತ ಚೆನ್ನಾಗಿ ಕಾದಾಡುತ್ತಾರೆ. ಮೊನ್ನೆ ಒಬ್ಬ, ತನ್ನ ತಕ್ಕಡಿಯ ಮುಳ್ಳು ವಾಲಿರುವುದು ನೆಲ ವಾಲಿರುವುದರಿಂದಲೆಂದು ಸಾಧಿಸಿ, "ತಕ್ಕಡಿ ಸಾಹೇಬ್ರೇ, ಮೊದಲು ನಿಮ್ಮ ಕಟ್ಟಡಕ್ಕೆ ದಂಡ ಹಾಕಿ" ಎಂದ.

ಮಾತುಕತೆಯಲ್ಲಿ ಗೆದ್ದೆನೆಂದು ಮನೆಯಲ್ಲಿ ಹೇಳಿದೆ.

"ಯಾರ ಮೇಲೆ?" ಎಂದಳು ನನ್ನ ಹೆಂಡತಿ, ಬಟ್ಟೆ ಮಡಿಸುತ್ತಲೇ.

"ಮೇಲ್ದೇಶದ ಮೇಲೆ."

"ಒಳ್ಳೇದು. ಆ ಪ್ರಮಾಣಪತ್ರ ಬೇಡ ಅಂತ ಬರೆದಾಗ ಯಾರ ಮೇಲೆ ಗೆದ್ರಿ? ಅದಕ್ಕೆ ನನ್ನ ಒಂದು ಮಾತು ಕೇಳಿದ್ರಾ?"

ಇದನ್ನು ನಿಮಗೆ ಬರೆಯುತ್ತಿರುವುದು ಏಕೆಂದು ನನಗೆ ತಿಳಿಯದು. ಕಲಮುಗಳ ಹಾಳೆಗಳನ್ನು ಪ್ರತ್ಯೇಕ ಲಕೋಟೆಯಲ್ಲಿ ಇಟ್ಟಿದ್ದೇನೆ.

ಇತಿ,
ಕೆಳದೇಶದ ಪ್ರತಿನಿಧಿ


ಏಪ್ರಿಲ್ ೧೫

ಮಾನ್ಯರಿಗೆ ವಿಭಾಗದ ಮುಖ್ಯಸ್ಥೆಯ ನಮಸ್ಕಾರಗಳು.

ಒಪ್ಪಂದದ ಏಳೂ ಕಲಮುಗಳು ನನ್ನ ಮುಂದಿವೆ. ನಾನು ಈ ಪತ್ರಿಕೆಯನ್ನು ಬಹಳ ವರ್ಷಗಳಿಂದ ನಡೆಸುತ್ತಿದ್ದೇನೆ. ಇಷ್ಟು ಸೊಗಸಾದ ಭಾಷೆಯ ಒಪ್ಪಂದವನ್ನು ಕಂಡಿಲ್ಲ, ಇಷ್ಟು ಬೇಗ ಹರಿದುಹೋಗುವಂಥದನ್ನೂ ಕಂಡಿಲ್ಲ.

ನಮ್ಮಲ್ಲಿ ಒಂದು ಪದ್ಧತಿಯಿದೆ. ಅದನ್ನು ಹುಡುಗಿ ನಿಮಗೆ ತಿಳಿಸಿಲ್ಲವೆಂದು ಕಾಣುತ್ತದೆ. ಮೇ ಕೊನೆಯಲ್ಲಿ ಸಭೆ ಸೇರಿಸುತ್ತೇವೆ. ವಿದ್ಯಾರ್ಥಿಗಳು ಆ ದಿನ ಎರಡೂ ದೇಶಗಳ ಪ್ರಜೆಗಳಾಗಿ ಕೂರುತ್ತಾರೆ. ಪ್ರತಿನಿಧಿಗಳು ತಮ್ಮ ಜನರ ಮುಂದೆ ನಿಲ್ಲುವುದಿಲ್ಲ, ಎದುರು ದೇಶದ ಜನರ ಮುಂದೆ ನಿಲ್ಲಬೇಕು. ಈ ಒಪ್ಪಂದ ಅವರಿಗೆ ಏಕೆ ಒಳ್ಳೆಯದೆಂದು ಅವರಿಗೇ ಹೇಳಬೇಕು. ಅವರು ಕೈಯೆತ್ತಿ ಒಪ್ಪಿದರೆ ಇಬ್ಬರೂ ತೇರ್ಗಡೆ, ಇಲ್ಲವಾದರೆ ಇಬ್ಬರೂ ಇಲ್ಲ.

ನೀವು ಮೇಲ್ದೇಶದ ಜನರ ಮುಂದೆ ನಿಂತು, ನಿಮ್ಮ ನೀರು ನಮಗೆ, ನಿಮ್ಮ ಬೀಗದ ಕೈ ನಮಗೆ, ನಮ್ಮ ನಷ್ಟ ನಿಮಗೆ ಎಂದು ಹೇಳಬೇಕಾಗುತ್ತದೆ. ನಮ್ಮ ಹುಡುಗರು ಪ್ರಜೆಗಳಾದಾಗ ಬಹಳ ಕೂಗಾಡುತ್ತಾರೆ.

"ಯಾಕಮ್ಮಾ ಹೀಗೆ ಎಲ್ಲಾ ಕೊಟ್ಟು ಕೂತೆ?" ಎಂದು ಅವಳನ್ನು ಕೇಳಿದೆ. ಹಾಳೆಗಳನ್ನು ಜೋಡಿಸಿ ನನ್ನ ಮುಂದಿಟ್ಟು ಹೊರಟುಹೋದಳು. ಅವಳ ಸೀಟು ಇದರ ಮೇಲೆ ನಿಂತಿದೆ. ಕರಡನ್ನು ತಿದ್ದಲು ಇನ್ನೂ ಕಾಲವಿದೆ.

ವಿಶ್ವಾಸವಿರಲಿ,
ವಿಭಾಗದ ಮುಖ್ಯಸ್ಥೆ


ಏಪ್ರಿಲ್ ೨೦

ಮೇಲ್ದೇಶದ ಪ್ರತಿನಿಧಿಯವರಿಗೆ,

ನಿಮ್ಮ ಮುಖ್ಯಸ್ಥೆಯವರ ಪತ್ರ ಬಂದಿದೆ. ನಿಮ್ಮ ಸಹಿಗಳಿರುವ ನಾಲ್ಕು ಹಾಳೆಗಳನ್ನು ಮತ್ತೊಮ್ಮೆ ಓದಿದೆ. ಎಲ್ಲಿಯೂ ಒಂದು ಆಕ್ಷೇಪವಿಲ್ಲ, ತಿದ್ದುಪಡಿಯಿಲ್ಲ. ಇಷ್ಟು ದಿನ ಇದನ್ನು ನನ್ನ ವಾದದ ಬಲವೆಂದು ತಿಳಿದಿದ್ದೆ.

ಸಡಿಲ ಬಿಡಕೂಡದೆಂಬುದು ನಮ್ಮ ಮೊದಲ ಷರತ್ತಾಗಿತ್ತು. ನೇರವಾಗಿ ಕೇಳುತ್ತೇನೆ, ನೇರವಾಗಿ ಉತ್ತರಿಸಿ. ಇದನ್ನೆಲ್ಲ ನೀವು ಕನಿಕರದಿಂದ ಕೊಟ್ಟಿರಾ?

ಇತಿ,
ಕೆಳದೇಶದ ಪ್ರತಿನಿಧಿ


ಏಪ್ರಿಲ್ ೨೭

ಸರ್,

ಹೌದು. ನಾಲ್ಕನೆಯ ಕಲಮನ್ನು ಕನಿಕರದಿಂದಲೇ ಕೊಟ್ಟೆ. ನಿಮ್ಮ ಅಕ್ಷರ ಅವನ ಅಕ್ಷರದ ಹಾಗೆಯೇ ಇದೆ. ಇಲ್ಲ ಎಂದು ಬರೆಯಲು ಕೂತೆ, ಹೌದು ಎಂದು ಬರೆದು ಅಂಚೆಗೆ ಹಾಕಿ ಬಂದೆ. ನೀವು ಬೈಯಬಹುದು.

ಆದರೆ ಐದು, ಆರು, ಏಳಕ್ಕೆ ಕಾರಣ ಬೇರೆ. ಅದನ್ನೂ ಹೇಳಿಬಿಡುತ್ತೇನೆ. ನನಗೆ ಬರೆದ ಪತ್ರಗಳಲ್ಲಿ ನೀವು ನನ್ನನ್ನು ಏನನ್ನೂ ಕೇಳಿಲ್ಲ. ಹುಡುಕಿ ನೋಡಿದೆ. ಇದ್ದ ಒಂದೆರಡು ಪ್ರಶ್ನೆಗಳೂ ಅಮ್ಮನವು, ಅವು ನಿಮ್ಮನ್ನು ಕೇಳಿದ್ದು. ಮೊನ್ನೆಯ ಪತ್ರದಲ್ಲಿ ಬಂದದ್ದೇ ಮೊದಲ ಪ್ರಶ್ನೆ. ಅದು ಬೈಗುಳವೇ ಆದರೂ ಪ್ರಶ್ನೆಯೆಂದೇ ಲೆಕ್ಕಕ್ಕೆ ಹಿಡಿದಿದ್ದೇನೆ.

ಪೆನ್ಸಿಲ್ ಹೀಗೆ ಬರೆಯುತ್ತಿರಲಿಲ್ಲ. ಷರತ್ತು ಮುರಿಯುತ್ತಿದ್ದೇನೆ, ಇರಲಿ. ಅವನ ಪತ್ರ ಶುರುವಾಗುತ್ತಿದ್ದದ್ದೇ ಪ್ರಶ್ನೆಯಿಂದ. ನಿಮ್ಮ ಕಡೆ ಮಕ್ಕಳು ಶಾಲೆಗೆ ಯಾವ ದಾರಿಯಲ್ಲಿ ಹೋಗುತ್ತಾರೆ? ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರಿನವರು ಈಗ ಎಲ್ಲಿದ್ದಾರೆ? ಅವನ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋಗಿ ನನಗೆ ನನ್ನ ದೇಶ ಸಿಗುತ್ತಿತ್ತು. ನಿಮ್ಮ ಪತ್ರ ಬಂದಾಗ ನನ್ನ ದೇಶದಲ್ಲಿ ಯಾರೂ ಇರಲಿಲ್ಲ, ಬರೀ ನೀರಿತ್ತು. ಖಾಲಿ ದೇಶಕ್ಕಾಗಿ ಯಾರು ಜಗಳ ಆಡುತ್ತಾರೆ ಸರ್? ಕೊಟ್ಟುಬಿಟ್ಟೆ.

ಇದರಿಂದ ನನ್ನ ಸೀಟು ಹೋದರೆ ಅದು ನನ್ನ ಕೈಯಾರೆ ಆದದ್ದು. "ಎಷ್ಟೊಂದು ಬುದ್ಧಿವಂತೆ ಅಂದ್ಕೊಂಡಿದ್ದೆ" ಅಂದಳು ರೂಮಿನ ಗೆಳತಿ. ನಾನೂ ಹಾಗೇ ಅಂದುಕೊಂಡಿದ್ದೆ.

ನಿಮ್ಮ,
ಎದುರು ಕುರ್ಚಿ


ಮೇ ೮

ಎದುರು ಕುರ್ಚಿಯವರಿಗೆ,

ನಿಮ್ಮ ಪತ್ರಕ್ಕೆ ಉತ್ತರವಾಗಿ ನಾನು ಒಂದು ಖಂಡನೆಯನ್ನು ಸಿದ್ಧಪಡಿಸಿದ್ದೆ. ಅದನ್ನು ಕಳಿಸುತ್ತಿಲ್ಲ. ಬದಲಿಗೆ ಒಂದು ಘಟನೆಯನ್ನು ಬರೆಯುತ್ತೇನೆ. ಷರತ್ತನ್ನು ನೀವು ಮುರಿದಾಗಿದೆ, ಇನ್ನು ನಾನೊಬ್ಬನೇ ಕಾಯ್ದುಕೊಂಡು ಕೂರುವುದರಲ್ಲಿ ಅರ್ಥವಿಲ್ಲ.

ನನ್ನ ಮಗ ನನ್ನನ್ನು ವಾದದಲ್ಲಿ ಒಮ್ಮೆ ಮಾತ್ರ ಸೋಲಿಸಿದ. ಅದು ಈ ಉಪವಿಷಯಕ್ಕಾಗಿಯೇ. ಸೇತುವೆ ಕಟ್ಟುವವನಿಗೆ ಪರದೇಶಗಳ ಉಸಾಬರಿ ಏಕೆಂಬುದು ನನ್ನ ಪಕ್ಷ. ಊಟಕ್ಕೆ ಕೂತಿದ್ದೆವು. ಅವನು ವಾದಿಸಲೇ ಇಲ್ಲ.

"ಅಪ್ಪಾ, ಒಂದ್ ಕೆಲಸ ಮಾಡೋಣ. ನನ್ನ ಪಕ್ಷ ನೀವು ಹಿಡೀರಿ, ನಿಮ್ಮದು ನಾನು ಹಿಡೀತೀನಿ."

"ಹುಡುಗಾಟ ಬಿಡು. ಊಟ ಮಾಡು."

"ಹೆದರಿಕೆನಾ?"

ಆ ಮಾತು ಬಂದ ಮೇಲೆ ನಾನು ಕೈ ತೊಳೆದು ಬಂದು ಕೂತೆ. ಸೇತುವೆಗೆ ಎರಡು ದಡಗಳಿರುತ್ತವೆ, ಒಂದೇ ದಡದ ಜನರನ್ನು ಬಲ್ಲವನು ಕಟ್ಟುವುದು ಅರ್ಧ ಸೇತುವೆ, ಅದಕ್ಕಿಂತ ದೋಣಿಯೇ ಮೇಲು ಎಂದೆ. ಇನ್ನೂ ಬಹಳ ಹೇಳಿದೆ. ಕಾಲೇಜು ಬಿಟ್ಟ ಮೇಲೆ ಅಷ್ಟು ಚೆನ್ನಾಗಿ ಮಾತಾಡಿದ್ದು ಅದೇ ಮೊದಲು. ಅವನಾದರೋ ನನ್ನ ಪಕ್ಷವನ್ನು ಬೇಕೆಂದೇ ಬಡಕಲಾಗಿ ವಾದಿಸಿದ. "ಪರದೇಶದೋರ ಜೊತೆ ನಮಗೇನ್ ಕೆಲಸ, ಸುಮ್ನೆ ಸಿಮೆಂಟ್ ಕಲಸೋದು ಬಿಟ್ಟು" ಎಂದು ನನ್ನದೇ ಧಾಟಿಯಲ್ಲಿ ಗೊಣಗಿದ. ಕೊನೆಗೆ, "ಸರಿ, ಅಪ್ಪ ಗೆದ್ರು. ಹಂಗಾದ್ರೆ ನಾನು ಈ ಮೈನರ್ ತಗೋತೀನಿ" ಎಂದ.

"ಇಬ್ರೂ ಗೆದ್ರಿ. ಈಗ ಪಾ‌ತ್ರೆ ಯಾರು ತೊಳೀತೀರಿ?" ಎಂದಳು ಅವನ ತಾಯಿ.

ನಾನು ತೊಳೆದೆ.

ಈಗ ನನ್ನ ಪ್ರಸ್ತಾವ. ಸಹಿಯಾದ ನಾಲ್ಕನೆಯ ಕಲಮಿನಿಂದ ಹಿಡಿದು ಮುಂದಿನ ಎಲ್ಲವನ್ನೂ ಕೆಳದೇಶ ಹಿಂತೆಗೆದುಕೊಂಡಿದೆ. ನಾವು ಕುರ್ಚಿ ಬದಲಾಯಿಸೋಣ. ಕೆಳದೇಶಕ್ಕೆ ಏನು ಬೇಕೆಂದು ನೀವು ಬರೆಯಿರಿ, ಮೇಲ್ದೇಶಕ್ಕೆ ಏನು ಬೇಕೆಂದು ನಾನು ಬರೆಯುತ್ತೇನೆ. ಬಡಕಲಾಗಿ ವಾದಿಸುವುದು ಮಾತ್ರ ಬೇಡ, ಆ ಉಪಾಯ ಒಮ್ಮೆಗೆ ಸಾಕು.

ಅದಕ್ಕೆ ಮುಂಚೆ ನನಗೊಂದು ವಿಷಯ ತಿಳಿಯಬೇಕಾಗಿದೆ. ಚಳಿಗಾಲದಲ್ಲಿ ನಿಮ್ಮ ಬೆಟ್ಟದ ಮಂದಿ ಮನೆಯನ್ನು ಬೆಚ್ಚಗೆ ಇಟ್ಟುಕೊಳ್ಳುವುದು ಹೇಗೆ?

ಇತಿ,
ಕೆಳದೇಶದ ಪ್ರತಿನಿಧಿ


ಮೇ ೧೪

ಸರ್,

ಅವನಿಗೆಂದು ಬರೆದಿಟ್ಟಿದ್ದ ಉತ್ತರವನ್ನೇ ಕಳಿಸುತ್ತಿದ್ದೇನೆ. ಒಂದು ಅಕ್ಷರವನ್ನೂ ಬದಲಾಯಿಸಿಲ್ಲ. ಮೊದಲ ಸಾಲಿನಲ್ಲಿ 'ಏ ಪೆನ್ಸಿಲ್' ಎಂದಿದೆ, ಅದನ್ನು ದಾಟಿಕೊಂಡು ಓದಿ.

'ಏ ಪೆನ್ಸಿಲ್, ಕೊನೆಗೂ ಸರಿಯಾದ ಜಾಗಕ್ಕೇ ಕೈ ಹಾಕಿದೆ. ನಮ್ಮ ಬೆಟ್ಟದಲ್ಲಿ ಕಾಡಿಲ್ಲ, ಸೌದೆಯಿಲ್ಲ. ಮನೆ ಬೆಚ್ಚಗಿರುವುದು ಅಣೆಕಟ್ಟಿನ ಕರೆಂಟಿನಿಂದ. ಜಲಾಶಯ ತುಂಬುವುದು ವರ್ಷಕ್ಕೊಮ್ಮೆ, ಹಿಮ ಕರಗಿದಾಗ ಮಾತ್ರ. ಬೇಸಿಗೆಯಲ್ಲಿ ನಿಮ್ಮ ಹೊಲಗಳಿಗೆಂದು ಆ ನೀರು ಬಿಟ್ಟರೆ ಚಳಿಗಾಲಕ್ಕೆ ಜಲಾಶಯ ಬರಿದಾಗುತ್ತದೆ, ಮನೆಗಳು ಮಂಜುಗಡ್ಡೆ. ನಾವು ನೀರು ಹಿಡಿದಿಟ್ಟುಕೊಳ್ಳುವುದು ನಿಮ್ಮ ಮೇಲಿನ ಹಟಕ್ಕಲ್ಲ. ಹೊದಿಕೆ ಎಳೆದುಕೊಂಡ ಹಾಗೆ. ಇದಕ್ಕೆ ನಿನ್ನ ಹತ್ರ ಏನಾದ್ರೂ ಇದ್ಯಾ?'

ಅಷ್ಟೇ ಇರುವುದು.

ನಿಮ್ಮ ಕುರ್ಚಿಯಲ್ಲಿ ಕೂತು ನಾನು ಲೆಕ್ಕ ಹಾಕಿದೆ. ಸಂಖ್ಯಾಶಾಸ್ತ್ರ ಓದಿದ್ದಕ್ಕೆ ಇದೊಂದು ಉಪಯೋಗ. ಕೆಳದೇಶಕ್ಕೆ ಮುಕ್ಕಾಲು ನೀರು ಬೇಕಾಗಿಯೇ ಇಲ್ಲ. ಅರ್ಧ ಸಾಕು, ಆದರೆ ಬಿತ್ತನೆಗೆ ಮುಂಚೆ, ಹೇಳಿದ ವಾರಕ್ಕೆ ಬರಬೇಕು. ರೈತನಿಗೆ ಹೆಚ್ಚು ನೀರಿಗಿಂತ ನಂಬಬಹುದಾದ ನೀರು ಮುಖ್ಯ. ನಿಮ್ಮ ಕಡೆಯ ಹೆಂಗಸೊಬ್ಬಳು ನನ್ನ ತಲೆಯಲ್ಲಿ ಕೂತು ಹಾಗೆ ಹೇಳಿದಳು. ನಿಮ್ಮ ದೇಶದಲ್ಲಿ ಒಳ್ಳೆಯ ಜನ ಇದ್ದಾರೆ ಸರ್.

ನಿಮ್ಮ,
ಎದುರು ಕುರ್ಚಿ (ಸದ್ಯಕ್ಕೆ ಕೆಳಗಡೆ)


ಮೇ ೧೯

ಎದುರು ಕುರ್ಚಿಗೆ,

ಆ ಹಾಳೆಯನ್ನು ಮೊದಲು ಅವನ ತಾಯಿ ಓದಿದಳು. 'ಏ ಪೆನ್ಸಿಲ್' ಎಂಬುದನ್ನು ಅವಳು ದಾಟಿಕೊಳ್ಳಲಿಲ್ಲ.

ಮೇಲ್ದೇಶದ ಪರವಾಗಿ ನನ್ನ ಬೇಡಿಕೆ: ನೀರು ಬಿಡುತ್ತೇವೆ, ಆದರೆ ಬರಿಗೈಯಲ್ಲಿ ಚಳಿಗಾಲವನ್ನು ಎದುರಿಸಲಾರೆವು. ಸುಗ್ಗಿ ಮುಗಿದ ಮೇಲೆ ಬಯಲಿನ ಗಿರಣಿಗಳೆಲ್ಲ ನಿಲ್ಲುತ್ತವೆಂದು ಮೊದಲ ಕಲಮಿನಲ್ಲಿ ನನ್ನ ಮಗನೇ ಬರೆದಿದ್ದಾನೆ. ಆ ಗಿರಣಿಗಳ ಕರೆಂಟು ಆ ತಿಂಗಳುಗಳಲ್ಲಿ ಉಳಿಯುತ್ತದೆ. ಅದನ್ನು ಬೆಟ್ಟಕ್ಕೆ ಕಳಿಸತಕ್ಕದ್ದು. ಬೇಸಿಗೆಯಲ್ಲಿ ನೀರು ಕೆಳಗೆ ಬರಲಿ, ಚಳಿಗಾಲದಲ್ಲಿ ಬೆಳಕು ಮೇಲೆ ಹೋಗಲಿ. ಬೀಗದ ಕೈಗಳು ಎರಡಿರಲಿ. ಪ್ರವಾಹದ ಹಾನಿಯನ್ನು ಇಬ್ಬರೂ ಹೊರೋಣ.

ನೀವು ಮೊದಲ ಸಲ ಹೇಳಿದಾಗ ಬೀಗದ ಕೈಯ ವಿಷಯದಲ್ಲಿ ನಿಮ್ಮ ಮಾತೇ ಸರಿಯಾಗಿತ್ತು. ಆ ಮೂರು ಪುಟಗಳನ್ನು ಹರಿದುಹಾಕಿದ್ದೇನೆ.

ನಾನು ಮೇಲ್ದೇಶದ ಪರ ಎಷ್ಟು ಜೋರಾಗಿ ಬರೆದೆನೆಂದರೆ ಈಗ ನನ್ನವರೇ ನನ್ನನ್ನು ದೇಶದ್ರೋಹಿ ಎಂದಾರು.

ಇತಿ,
ತಕ್ಕಡಿ ಸಾಹೇಬ


ಮೇ ೨೬

ಶನಿವಾರದ ಸಭೆಯಲ್ಲಿ ನೆರೆಯಲಿರುವ ಎಲ್ಲರಿಗೂ ವಂದನೆಗಳು.

ಈ ಸಲ ನಾನೇ ಬರುತ್ತಿದ್ದೇನೆ, ಜೊತೆಗೆ ನನ್ನ ಹೆಂಡತಿಯೂ. ಮೇಲ್ದೇಶದ ಪ್ರಜೆಗಳ ಮುಂದೆ ನಿಂತು ಹೇಳಬೇಕಾದುದನ್ನು ಅಲ್ಲಿಯೇ ಹೇಳುತ್ತೇನೆ. ನೀವು ಕೂಗಾಡಬಹುದು, ನನಗೆ ಅಭ್ಯಾಸವಿದೆ. ತಿದ್ದಿದ ಕರಡು ಸಭೆಗೆ ಬರಲು ಯೋಗ್ಯವೆಂದು ಮುಖ್ಯಸ್ಥೆಯವರು ತಿಳಿಸಿದ್ದಾರೆ. ಎದುರು ಕುರ್ಚಿಯವರ ಸೀಟನ್ನು ನಿಮ್ಮ ಕೈಗಳು ನಿರ್ಧರಿಸಲಿ, ನನ್ನ ಮೇಲಿನ ಮಮತೆಯಲ್ಲ.

ಅದೇ ಪತ್ರದಲ್ಲಿ ಮುಖ್ಯಸ್ಥೆಯವರು ಇನ್ನೊಂದು ಮಾತನ್ನು ಕೇಳಿದ್ದಾರೆ. ಆರನೆಯ ಪತ್ರಿಕೆಯೂ ಈಗ ಮುಗಿದಂತಾಯಿತು, ನಿಮ್ಮ ಮಗನಿಗೆ ಪ್ರಮಾಣಪತ್ರ ಕೊಡಬಹುದಲ್ಲವೇ ಎಂದು. ಫೆಬ್ರವರಿಯಲ್ಲಿ ಇದಕ್ಕೆ ನಾನು ಮನೆಯಲ್ಲಿ ಯಾರನ್ನೂ ಕೇಳದೆ ಉತ್ತರ ಬರೆದಿದ್ದೆ. ಈ ಸಲ ಪತ್ರವನ್ನು ನನ್ನ ಹೆಂಡತಿಯ ಮುಂದೆ ಇಟ್ಟೆ.

"ಕೂತ್ಕೊಳ್ಳಿ. ನೀವು ನಾನಾಗಿ, ನಾನು ನೀವಾಗ್ತೀನಿ" ಎಂದಳು.

ನಾನು ಅವಳ ಪಕ್ಷ ಹಿಡಿದೆ. ಅವನ ಹೆಸರು ಬರೆದ ಕಾಗದಗಳು ಈ ಮನೆಗೆ ಬರುವುದು ನಿಂತುಹೋಗಿದೆ ಎಂದೆ. ಮೊದಲು ಅಂಕಪಟ್ಟಿ ಬರುತ್ತಿತ್ತು, ಗ್ರಂಥಾಲಯದ ದಂಡದ ಚೀಟಿ ಬರುತ್ತಿತ್ತು. ಬೇರೆಯವರ ಕೈಬರಹದಲ್ಲಿ ಅವನ ಹೆಸರಿರುವ ಇನ್ನೊಂದು ಕಾಗದ ಬರಲಿ, ಅದರಲ್ಲಿ ತೂಕ ನೋಡುವುದು ಬೇಡ ಎಂದೆ. ಹೇಳುತ್ತ ಹೇಳುತ್ತ ಅದು ನನ್ನ ಪಕ್ಷವೇ ಆಯಿತು.

ಅವಳು ನನ್ನ ಕನ್ನಡಕ ಹಾಕಿಕೊಂಡಿದ್ದಳು. "ಒಂಬೈನೂರು ಗ್ರಾಮಿಗೆ ಕಿಲೋ ಮುದ್ರೆ ಒತ್ತಲ್ಲ ಕಣೇ" ಎಂದು ನನ್ನ ದನಿಯಲ್ಲಿ ಗದರಿದಳು. ಆಮೇಲೆ ಕನ್ನಡಕ ತೆಗೆದಳು. "ಅವನಿಗೂ ಇಷ್ಟ ಆಗ್ತಿರ್ಲಿಲ್ಲ ರೀ. ಮಾಡದೇ ಇರೋ ಲೆಕ್ಕಕ್ಕೆ ಮೇಷ್ಟ್ರು ಸರಿ ಅಂತ ಗುರುತು ಹಾಕಿದ್ರೆ ಹೋಗಿ ಅಳಿಸಿಕೊಂಡು ಬರ್ತಿದ್ದೋನು ಅವನು. ಬೇಡ ಅನ್ನಿ."

ಹೀಗಾಗಿ ಈಗ ಬೇಡವೆನ್ನುವವಳು ಅವಳು, ಬೇಕೆನ್ನುವವನು ನಾನು. "ಇನ್ನು ನೀವೇ ತೀರ್ಮಾನ ಮಾಡಿ, ನನ್ನ ಕೈಲಾಗಲ್ಲ" ಎಂದು ಅವಳು ಒಣಹಾಕಿದ ಬಟ್ಟೆ ತೆಗೆಯಲು ಎದ್ದು ಹೋದಳು. ಆದ್ದರಿಂದ ಮುಂದಿನದು ನಾನೊಬ್ಬನೇ ಕೂತು ನಿರ್ಧರಿಸಿದ್ದು.

ಪ್ರಮಾಣಪತ್ರ ಬೇಡ. ಆದರೆ ಒಪ್ಪಂದದ ಕೆಳದೇಶದ ಪ್ರತಿಯಲ್ಲಿ ಮೊದಲ ಮೂರು ಕಲಮುಗಳ ಕೆಳಗೆ ಅವನ ಸಹಿಯಿದೆ, ಉಳಿದ ನಾಲ್ಕರ ಕೆಳಗೆ ನನ್ನದು. ಎರಡನ್ನೂ ಇದ್ದಹಾಗೆ ಬಿಡಿ. ಮೂರು ಕಲಮಿನ ತೂಕ ಮೂರು ಕಲಮೇ, ಅದಕ್ಕೆ ನಾನು ಮುದ್ರೆ ಒತ್ತಬಲ್ಲೆ. ಸಭೆಯಲ್ಲಿ ಅವನ ಹೆಸರನ್ನು ಗಟ್ಟಿಯಾಗಿ ಕೂಗಿ, ಆ ಪ್ರತಿಯನ್ನು ಅವನ ತಾಯಿಯ ಕೈಗೆ ಕೊಡಬೇಕು.

ಸಭೆ ಮುಗಿದ ಮೇಲೆ ನಾವಿಬ್ಬರೂ ಮೊದಲ ಸಾಲಿನಲ್ಲಿಯೇ ಕೂತಿರುತ್ತೇವೆ. ನಮಗೆ ಅವಸರವಿಲ್ಲ. ಫೆಬ್ರವರಿಯಲ್ಲಿ ನೀವು ಹೇಳಬೇಕೆಂದಿದ್ದು, ನಾನು ಬೇಡವೆಂದದ್ದು, ಇನ್ನೂ ನಿಮ್ಮಲ್ಲಿ ಉಳಿದಿದ್ದರೆ ಬಂದು ಹೇಳಿ. 'ಎಂಥಾ ಹುಡುಗ' ಎಂದರೂ ಸರಿಯೇ. ಒದ್ದೆ ಟವೆಲಿನ ಮಾತನ್ನು ನಾನು ಎತ್ತುವುದಿಲ್ಲ. ಪ್ರತ್ಯುತ್ತರದ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ.

ಇತಿ,
ಪೆನ್ಸಿಲ್‌ನ ತಂದೆ